ಮೂರನೇ ಬಾಗಿಲ ಕತ್ತಲಕ್ಕ

"ನೋಯುತ್ತಾ?" ಎಂದು ಕೇಳದ ರೋಗಿಯನ್ನು ನಾನು ಇಪ್ಪತ್ತಮೂರು ವರ್ಷದಲ್ಲಿ ನೋಡಿಲ್ಲ. ಮೀಸೆ ತಿರುವಿಕೊಂಡು ಬಂದ ಪೈಲ್ವಾನನೂ ಮೂರನೇ ನಂಬರಿನ ಬಾಗಿಲ ಎದುರು ನಿಂತಾಗ ಕೇಳುವುದು ಅದನ್ನೇ. ನಾನು ಈ ಸ್ಕ್ಯಾನ್ ಸೆಂಟರಿನಲ್ಲಿ ಟೋಕನ್ ಕೊಡುವವನು. ಹೆಸರು ಬರೆದುಕೊಳ್ಳುವುದು, ಕೂರಿಸುವುದು, ಸರದಿ ಬಂದಾಗ ಕೂಗುವುದು, ಇಷ್ಟೇ ನನ್ನ ಕೆಲಸ. ನೋವಿನ ವಿಚಾರ ನನ್ನ ಇಲಾಖೆಯಲ್ಲ. ಆದರೂ ಕೇಳುತ್ತಾರೆ, ನಾನೂ ಹೇಳುತ್ತೇನೆ: "ಸೂಜಿ ಇಲ್ಲ, ಕತ್ತರಿ ಇಲ್ಲ, ಬರೀ ಒತ್ತಿ ನೋಡೋದು. ಒಳಗೆ ಹೋಗಿ ಮಲಕ್ಕೊಳ್ಳಿ, ಹಿಂದೆ ಜನ ಕಾಯ್ತಾ ಇದ್ದಾರೆ." ನನಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿರುವುದು ಒಳ್ಳೆಯದೇ, ಯಾರೂ ಹೆಚ್ಚು ಹರಟುವುದಿಲ್ಲ.

ಆ ಬಾಗಿಲ ಒಳಗೆ ಇರುವವರು ಕತ್ತಲಕ್ಕ. ಕಾಲಿನ ರಕ್ತನಾಳಗಳ ಸ್ಕ್ಯಾನ್ ಮಾಡುವವರು. ಜನ ಅದನ್ನು ನರದ ಸ್ಕ್ಯಾನಿಂಗ್ ಎನ್ನುತ್ತಾರೆ, ನಾವೂ ತಿದ್ದಲು ಹೋಗುವುದಿಲ್ಲ. ಪರದೆಯ ಮೇಲಿನ ಚಿತ್ರ ಸ್ಪಷ್ಟವಾಗಿ ಕಾಣಲಿ ಎಂದು ಅಲ್ಲಿ ದೀಪ ಆರಿಸಿಕೊಂಡೇ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ಅಕ್ಕ ಬೆಳಕು ಕಾಣುವುದು ಊಟದ ಹೊತ್ತಿಗೆ. ಹೊರಗೆ ಬಂದು ಕಣ್ಣು ಕಿರಿದು ಮಾಡಿಕೊಂಡು ಗೋಡೆ ಹಿಡಿದು ನಿಲ್ಲುತ್ತಿದ್ದುದನ್ನು ನೋಡಿ ಯಾರೋ ಇಟ್ಟ ಹೆಸರು ಅದು. ನನಗಿಂತ ಎರಡು ವರ್ಷ ಚಿಕ್ಕವರು, ಆದರೂ ನನಗೂ ಅವರು ಅಕ್ಕನೇ. ಅವರಿಗೆ ನಾನು ಟೋಕನಣ್ಣ.

ಅವರ ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್ ಆದ ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಬಂದ ಕಡೆ ತೇಪೆ ಹಾಕಿ, ಮತ್ತೆ ಗಾಳಿ ತುಂಬಿ ಮತ್ತೊಮ್ಮೆ ಅದ್ದುತ್ತಿದ್ದರಂತೆ. ಗಿರಾಕಿ ಗೊಣಗಿದರೆ, "ಒಂದು ತೂತು ಸಿಕ್ತು ಅಂದ್ರೆ ಒಂದೇ ತೂತು ಅಂತ ಯಾರಪ್ಪ ಹೇಳಿದ್ದು ನಿಂಗೆ?" ಎಂದು ಗದರುತ್ತಿದ್ದರಂತೆ. ಅಕ್ಕ ಇದನ್ನು ಹೇಳುವಾಗ ಅಪ್ಪನ ಹಾಗೆಯೇ ಹುಬ್ಬು ಗಂಟಿಕ್ಕುತ್ತಾರೆ. ಮದುವೆಯಾಗಿತ್ತು, ಮೂರು ವರ್ಷಕ್ಕೆ ಗಂಡ ಬೇರೆ ದಾರಿ ಹಿಡಿದ. ಆ ಮಾತು ತೆಗೆದರೆ, "ಅವರಿಗೆ ಆ ದಾರೀನೇ ಚೆನ್ನಾಗಿ ಕಾಣಿಸ್ತು, ಹೋದ್ರು. ಹೋಗೋರಿಗೆ ಅಡ್ಡ ನಿಂತ್ರೆ ನಮ್ಮ ಕಾಲೇ ತುಳೀತಾರೆ" ಎಂದು ನಗುತ್ತಾರೆ. ಈಗ ತಂಗಿ ಮತ್ತು ತಂಗಿಯ ಮಗಳ ಜೊತೆ ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಯಲ್ಲಿದ್ದಾರೆ. ಗಿರಣಿ ಓಡುವಾಗ ಇಡೀ ನೆಲ ನಡುಗುತ್ತದೆ. ಭಾನುವಾರ ಗಿರಣಿಗೆ ರಜೆ ಇದ್ದಾಗ ಅವರಿಗೆ ನಿದ್ದೆಯೇ ಹತ್ತುವುದಿಲ್ಲವಂತೆ.

ನನ್ನ ಕುರ್ಚಿ ಇರುವುದು ಆ ಬಾಗಿಲ ಪಕ್ಕದಲ್ಲೇ. ಬಾಗಿಲು ಪ್ಲೈವುಡ್ಡಿನದು, ಒಳಗಿನದೆಲ್ಲ ಕೇಳಿಸುತ್ತದೆ. ಅಕ್ಕ ಪ್ರತಿಯೊಬ್ಬರಿಗೂ ಹೇಳುವುದು ನನಗೆ ಬಾಯಿಪಾಠವಾಗಿದೆ.

"ಪ್ಯಾಂಟು ತೆಗೆದು ಈ ಹೊದಿಕೆ ಹೊದ್ಕೊಳ್ಳಿ, ನಾಚಿಕೆ ಬೇಡ, ನಾನು ದಿನವಿಡೀ ಕಾಲುಗಳನ್ನೇ ನೋಡ್ತೀನಿ. ಜೆಲ್ ತಣ್ಣಗಿರುತ್ತೆ, ಬೈಕೋಬೇಡಿ. ತೊಡೆ ಸಂದಿಯಿಂದ ಶುರು ಮಾಡಿ ಎರಡೆರಡು ಬೆರಳು ಅಂತರದಲ್ಲಿ ಪಾದದ ತನಕ ಕೈಯಲ್ಲಿರೋ ಈ ಪ್ರೋಬಲ್ಲಿ ಒತ್ತುತ್ತಾ ಹೋಗ್ತೀನಿ. ಒತ್ತಿದ್ದು ಗೊತ್ತಾಗುತ್ತೆ, ನೋವಾದ್ರೆ ಹೇಳಿ. ಆಮೇಲೆ ಮೀನಖಂಡ ಹಿಂಡ್ತೀನಿ, ಬುಸ್ ಅಂತ ಸದ್ದು ಬರುತ್ತೆ. ಹೆದರಬೇಡಿ, ಅದು ನಿಮ್ಮದೇ ರಕ್ತ ಓಡೋ ಸದ್ದು. ಉಸಿರು ಎಳ್ಕೊಂಡು ಹಿಡ್ಕೊಳ್ಳಿ ಅಂತೀನಿ, ಬಿಡಿ ಅನ್ನೋದು ಮರೆತ್ರೆ ನೀವೇ ಬಿಟ್ಬಿಡಿ. ಮುಕ್ಕಾಲು ಗಂಟೆ ಹಿಡಿಯುತ್ತೆ. ಕೊನೆಗೆ ಏನಿದೆ ಅಂತ ನನ್ನ ಕೇಳಬೇಡಿ, ಡಾಕ್ಟರ್ ಹೇಳ್ತಾರೆ."

ಒಮ್ಮೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ನಾನು ಕೇಳಿದ್ದೆ, "ಅಷ್ಟು ಹೊತ್ತು ಆ ಪರದೆಯಲ್ಲಿ ಏನು ಕಾಣುತ್ತೆ ಅಕ್ಕ?"

"ಕಪ್ಪು ಕಣ್ಣುಗಳು ಕಾಣುತ್ತವೆ ಅಣ್ಣ," ಎಂದರು. "ನರ ಅಡ್ಡಕ್ಕೆ ನೋಡಿದ್ರೆ ದುಂಡಗೆ ಕಪ್ಪಗೆ ಇರುತ್ತೆ. ಮೇಲಿಂದ ಒತ್ತಿದ್ರೆ ಕಣ್ಣು ಮುಚ್ಚಿದ ಹಾಗೆ ಮುಚ್ಕೊಳ್ಳುತ್ತೆ. ಒತ್ತಿದ್ರೂ ಮುಚ್ಚದೆ ನನ್ನೇ ನೋಡ್ತಾ ಇದ್ರೆ, ಅದರೊಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಅರ್ಥ. ಹಾಗಿದ್ದಾಗ ಮತ್ತೆ ಅಲ್ಲಿ ಒತ್ತಬಾರದು. ಹೆಪ್ಪು ಕಿತ್ಕೊಂಡು ಮೇಲೆ ಹೋಗಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡ್ರೆ ಕತೆ ಮುಗೀತು." ಆಮೇಲೆ ನನ್ನ ಡಬ್ಬಿಯಿಂದ ಒಂದು ತುತ್ತು ತೆಗೆದುಕೊಂಡು ಉಪ್ಪು ಕಮ್ಮಿ ಎಂದರು. ನನಗೆ ಅವತ್ತು ಊಟ ಸೇರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಒಬ್ಬ ಹೊಲಿಗೆ ಹೆಂಗಸು ಬಂದಿದ್ದಳು. ಮೂವತ್ತೆಂಟು ವರ್ಷ. ದಿನವಿಡೀ ಮೆಷಿನ್ ಮುಂದೆ ಕೂತು ಎಡಗಾಲು ಬಾತಿತ್ತು. ಬಟ್ಟೆಗೆಲ್ಲ ದಾರದ ಚೂರು ಅಂಟಿಕೊಂಡಿದ್ದವು. ಅಕ್ಕ ನೋಡಿದರು, ತೊಡೆಯ ಕಪ್ಪು ಕಣ್ಣು ಮೇಲಿಂದ ಕೆಳಗಿನವರೆಗೆ ಒತ್ತಿದಲ್ಲೆಲ್ಲ ಮುಚ್ಚಿಕೊಂಡಿತು. ಡಾಕ್ಟರು ಚಿತ್ರ ನೋಡಿ ನಾರ್ಮಲ್ ಎಂದು ಸಹಿ ಹಾಕಿದರು. ಮೂರನೇ ದಿನ ಆ ಹೆಂಗಸು ತನ್ನ ಮನೆಯ ಮೆಟ್ಟಿಲ ಮೇಲೆ ಕುಸಿದು ಸತ್ತಳು. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿತ್ತು. ತೊಡೆಯ ಆ ರಕ್ತನಾಳ ಕೆಲವರಿಗೆ ಒಂದರ ಪಕ್ಕ ಇನ್ನೊಂದು, ಜೋಡಿಯಾಗಿ ಇರುತ್ತದಂತೆ. ಅಕ್ಕ ಒಂದನ್ನು ನೋಡಿದ್ದರು. ಅದರ ಬೆನ್ನಿಗೆ ಅಡಗಿದ್ದ ಇನ್ನೊಂದರ ತುಂಬ ಹೆಪ್ಪಿತ್ತು.

"ಯಾರಾಗಿದ್ರೂ ತಪ್ತಿತ್ತು" ಎಂದರು ಡಾಕ್ಟರು. ಯಾರೂ ಅಕ್ಕನನ್ನು ಬೈಯಲಿಲ್ಲ. ಅವರು ಒಂದು ವಾರ ರಜೆ ಹಾಕಿದರು, ಎಂಟನೇ ದಿನ ಬಂದು ದೀಪ ಆರಿಸಿ ಕೂತರು. "ಅಪ್ಪ ಟ್ಯೂಬು ಎರಡು ಸಲ ಅದ್ದುತ್ತಿದ್ರು, ನಾನು ಮನುಷ್ಯರನ್ನ ಒಂದೇ ಸಲ ನೋಡಿದೆ" ಎಂದು ನನ್ನ ಹತ್ತಿರ ಒಂದೇ ಬಾರಿ ಹೇಳಿದರು. ಅಲ್ಲಿಂದ ಮುಂದೆ ಯಾರೇ ಬರಲಿ, ಎಷ್ಟೇ ಜನ ಕಾಯುತ್ತಿರಲಿ, ಮೇಲಿಂದ ಕೆಳಗೆ ಎರಡು ಸಲ. ಮುಕ್ಕಾಲು ಗಂಟೆ ಎಂದು ಹೇಳಿ ಒಂದೂವರೆ ಗಂಟೆ. ಹೊರಗೆ ಬೈಸಿಕೊಳ್ಳುತ್ತಿದ್ದವನು ನಾನು.

ಆರು ತಿಂಗಳ ನಂತರ ಬಸ್ ಕಂಡಕ್ಟರೊಬ್ಬ ಸ್ಕ್ಯಾನ್ ಮುಗಿಸಿ ಹೊರಗೆ ಬಂದು ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಹೇಳಿದ, "ಡಾಕ್ಟರಮ್ಮ ಏನೋ ಒಳ್ಳೆಯವರು. ಆದ್ರೆ ಆ ಇನ್ನೊಬ್ರಿಗೆ ಹೇಳ್ರಿ, ಕೈ ಬಿಸಿ ಮಾಡ್ಕೊಂಡು ಮುಟ್ಟಲಿ ಅಂತ. ಪಾದ ಮರಗಟ್ಟಿ ಹೋಯ್ತು."

"ಯಾವ ಇನ್ನೊಬ್ರು?"

"ಕಾಲ ಹತ್ತಿರ ನಿಂತು ಪಾದ ಹಿಡ್ಕೊಂಡಿದ್ರಲ್ಲ, ಆ ತಾಯಿ."

ಒಳಗೆ ಅಕ್ಕ ಒಬ್ಬರೇ ಇದ್ದರು. ಆ ಕೋಣೆಗೆ ಇರುವುದು ಒಂದೇ ಬಾಗಿಲು, ಅದರ ಪಕ್ಕದಲ್ಲಿ ನಾನು. ಜೆಲ್ಲಿನ ತಣುಪು, ಕತ್ತಲೆ, ಹೆದರಿಕೆ ಮೂರೂ ಸೇರಿದರೆ ಹಗ್ಗವೂ ಹಾವಾಗುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಮಾತು ಅಕ್ಕನ ಕಿವಿಗೆ ಬಿದ್ದಿತ್ತು. ಬಾಗಿಲಲ್ಲಿ ನಿಂತು, ಗಟ್ಟಿಯಾಗಿ ಬಾಗಿಲ ಚೌಕಟ್ಟು ಹಿಡಿದು, "ಒಳಗೆ ಬನ್ನಿ, ಇನ್ನೊಂದು ಸಲ ನೋಡ್ತೀನಿ" ಎಂದರು. ಎರಡು ಸಲ ನೋಡಿ ಮುಗಿಸಿದ್ದ ಕಾಲು ಅದು. ಮೂರನೇ ಸಲ ಮಂಡಿಯ ಹಿಂದೆ, ಒಂದು ಬೆರಳಗಲದ ಹೆಪ್ಪು ಸಿಕ್ಕಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಕಾಕತಾಳೀಯ ಎಂದು ಬಿಡುತ್ತಿದ್ದೆ. ಮರುವರ್ಷ ಕಣ್ಣು ಕಾಣದ ಒಬ್ಬ ಟೆಲಿಫೋನ್ ಆಪರೇಟರ್ ಹೆಂಗಸು ಬಂದರು. ಅವರಿಗೆ ಕತ್ತಲೆಯ ಹೆದರಿಕೆ ಎಲ್ಲಿಯದು? ಸ್ಕ್ಯಾನ್ ಮುಗಿದ ಮೇಲೆ ಕೋಲು ಮಡಚಿಕೊಂಡು ನನ್ನ ಕೌಂಟರಿನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಒಳಗೆ ಇಬ್ರು ಇದ್ರಲ್ಲ. ಪಕ್ಕದಲ್ಲಿ ಕೂತವರದು ಉಸಿರು ಕೇಳಿಸ್ತಿತ್ತು. ಕಾಲು ಹಿಡ್ಕೊಂಡವರು ಉಸಿರೇ ಆಡಲ್ಲವಲ್ಲ ಸಾರ್, ಯಾಕೆ?"

ಅಕ್ಕನನ್ನು ಕರೆದೆ. ಆ ಹೆಂಗಸಿನ ತೊಡೆಯಲ್ಲೂ ಹೆಪ್ಪು ಸಿಕ್ಕಿತು.

ಹನ್ನೊಂದು ವರ್ಷದಲ್ಲಿ ಹೀಗೆ ಐದು ಸಲ ಆಯಿತು. ಅಕ್ಕ ಮೊದಲ ನೋಟಕ್ಕೇ ಹಿಡಿದ ಹೆಪ್ಪುಗಳು ನೂರಾರು ಇವೆ, ಆ ರೋಗಿಗಳ ಪಾದ ಯಾರೂ ಮುಟ್ಟಲಿಲ್ಲ. ಅಕ್ಕನ ಕಣ್ಣು ತಪ್ಪಿದ ಐವರಿಗೆ ಮಾತ್ರ ಆ ಕೈ ಬಂತು. ಐವರೂ ಬದುಕಿದ್ದಾರೆ. ಕಂಡಕ್ಟರ್ ಈಗಲೂ ದಾರಿಯಲ್ಲಿ ಸಿಕ್ಕರೆ ಸೀಟಿ ಊದಿ ನಮಸ್ಕಾರ ಹೊಡೆಯುತ್ತಾನೆ.

ಅಕ್ಕ ಹೆದರಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಮೊದಲು ಊಟಕ್ಕೆ ಕೂತಾಗ ತಟ್ಟನೆ ತಿರುಗಿ ಮೂರನೇ ಬಾಗಿಲನ್ನು ನೋಡುತ್ತಿದ್ದರು. ಒಂದು ದಿನ ನಾನೇ ಕೇಳಿಬಿಟ್ಟೆ: "ಯಾರು ಅಂತ ನಿಮಗೆ ಗೊತ್ತಾ?"

"ಇನ್ಯಾರಿರ್ತಾರೆ ಅಣ್ಣ? ನನ್ನ ಕೈಯಲ್ಲಿ ಸತ್ತವಳು ಒಬ್ಬಳೇ." "ನನ್ನ ನಂಬಲ್ಲ ಅವಳು. ಅದಕ್ಕೇ ಪಕ್ಕದಲ್ಲಿ ನಿಂತು ಕಾಯ್ತಾಳೆ. ನಂಬೋದಾದ್ರೂ ಹೇಗೆ?" ಎಂದರು. ಆ ಮಾತು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ, ಅಷ್ಟು ಕೆಡುಕೆನಿಸಿತು ನನಗೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಕ್ಕ ಆ ಹೆಂಗಸಿನ ಮಾತೆತ್ತಿದಾಗಲೆಲ್ಲ ನಾನು ಟೋಕನ್ ಡಬ್ಬಿ ಸರಿಮಾಡಲು ಎದ್ದುಬಿಡುತ್ತಿದ್ದೆ. ಯಾಕೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ಸ್ಕ್ಯಾನ್ ಆದ ಮರುದಿನ ಆ ಹೊಲಿಗೆ ಹೆಂಗಸು ವಾಪಸ್ ಬಂದಿದ್ದಳು. ಕಾಲು ಇನ್ನಷ್ಟು ಬಾತು ಚಪ್ಪಲಿ ಏರದೆ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವತ್ತು ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು, ನನಗೆ ತಲೆ ಕೆಟ್ಟಿತ್ತು. "ರಿಪೋರ್ಟ್ ನಾರ್ಮಲ್ ಬಂದಿದೆಯಲ್ಲಮ್ಮ. ಮತ್ತೆ ನೋಡ್ಬೇಕು ಅಂದ್ರೆ ಡಾಕ್ಟರ್ ಚೀಟಿ ಹೊಸದಾಗಿ ತಗೊಂಡು ಬಾ. ಹಳೇ ಚೀಟೀಲಿ ಎರಡು ಸಲ ನೋಡಲ್ಲ ಇಲ್ಲಿ" ಎಂದು ಹೊರಗೆ ಕಳಿಸಿಬಿಟ್ಟೆ. ಬಾಗಿಲು ಒಂದು ಕೈಯಳತೆಯಲ್ಲಿತ್ತು. ತಟ್ಟಿ ಒಂದು ಮಾತು ಹೇಳಿದ್ದರೆ ಅಕ್ಕ ನೋಡುತ್ತಿದ್ದರು. ಒಮ್ಮೆ ನಾರ್ಮಲ್ ಬಂದರೂ ಬಾವು ಹೆಚ್ಚಾದರೆ ತಿರುಗಿ ನೋಡಲೇಬೇಕು ಎಂದು ನನಗೆ ಗೊತ್ತಾದದ್ದು ಆಮೇಲೆ. ಉಗುರಲ್ಲಿ ಚಿವುಟಬಹುದಾಗಿದ್ದನ್ನು ನಾನು ಬೆಳೆಯಲು ಬಿಟ್ಟೆ. ಮರುದಿನ ಆಕೆ ಸತ್ತಳು. ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಅಕ್ಕ ಹನ್ನೊಂದು ವರ್ಷ ಅಷ್ಟೂ ಭಾರ ಒಬ್ಬರೇ ಹೊರುವುದನ್ನು ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದೆ.

ಇತ್ತೀಚೆಗೆ ಅಕ್ಕನಿಗೆ ವಯಸ್ಸಾಯಿತು. ಪ್ರೋಬ್ ಹಿಡಿದು ಹಿಡಿದು ಬಲಭುಜ ಎತ್ತಲಾಗುತ್ತಿರಲಿಲ್ಲ, ಕಣ್ಣಿಗೆ ಎರಡು ಸಲ ಕನ್ನಡಕ ಬದಲಾಯಿತು. ಎರಡನೇ ಸುತ್ತು ಮೊದಲು ಅರ್ಧಕ್ಕೆ ಇಳಿಯಿತು, ಆಮೇಲೆ ನಿಂತೇ ಹೋಯಿತು. ಅದರ ಬದಲು ಕೊನೆಯಲ್ಲಿ ಒಂದು ಪ್ರಶ್ನೆ ಬಂತು. ಪ್ಲೈವುಡ್ಡಿನ ಈಚೆ ನನಗೆ ದಿನಾ ಕೇಳಿಸುತ್ತಿತ್ತು: "ಯಾರಾದ್ರೂ ನಿಮ್ಮ ಪಾದ ಹಿಡಿದ ಹಾಗೆ ಆಯ್ತಾ?" ಇಲ್ಲ ಎಂದರೆ ಜೆಲ್ ಒರೆಸಿಕೊಳ್ಳಲು ಕಾಗದ ಕೊಟ್ಟು ಕಳಿಸುತ್ತಿದ್ದರು. ರೋಗಿಗಳಿಗೆ ಅದೂ ಪರೀಕ್ಷೆಯ ಒಂದು ಭಾಗ ಎಂದೇ ಭಾವನೆ.

"ಅಕ್ಕ, ಇದು ಸರಿ ಅಲ್ಲ," ಎಂದೆ ಒಂದು ದಿನ.

"ಐದಕ್ಕೆ ಐದು ಸಲ ಸರಿ ಹೇಳಿದ್ದಾಳೆ ಅಣ್ಣ. ನನ್ನ ಕಣ್ಣಿಗಿಂತ ಅವಳು ವಾಸಿ."

ನನಗೆ ಬಾಯಿ ಎಲ್ಲಿದೆ?

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಸ್ಕ್ಯಾನ್ ಸೆಂಟರಿನಲ್ಲೇ ಕೂತಿದ್ದವನಿಗೆ ಎಡ ಮೀನಖಂಡ ಹಿಡಿದುಕೊಂಡಿದ್ದು ಹತ್ತು ದಿನ ಲೆಕ್ಕಕ್ಕೇ ಬರಲಿಲ್ಲ. ಕೂತು ಕೂತು ಜೋಮು ಹಿಡಿದಿದೆ ಎಂದುಕೊಂಡೆ. ಹನ್ನೊಂದನೇ ದಿನ ಕಾಲುಚೀಲ ತೆಗೆದಾಗ ಅದರ ಅಂಚು ಚರ್ಮದೊಳಗೆ ಬಳೆಯಷ್ಟು ಆಳಕ್ಕೆ ಅಚ್ಚೊತ್ತಿತ್ತು. ಹೆಂಡತಿ ಬೆರಳಲ್ಲಿ ಒತ್ತಿದಳು, ಗುಳಿ ಬಿತ್ತು, ಮೇಲೇಳಲಿಲ್ಲ. "ನಾಳೆ ನೀವು ಟೋಕನ್ ಕೊಡೋದು ಬೇಡ, ತಗೊಳ್ಳಿ" ಎಂದಳು.

ಮರುದಿನ ಮಧ್ಯಾಹ್ನ ಎರಡರ ಬಿಡುವಿನಲ್ಲಿ ಅಕ್ಕ ನನ್ನನ್ನು ಒಳಗೆ ಕರೆದರು. ಇಪ್ಪತ್ತಮೂರು ವರ್ಷ ಆ ಬಾಗಿಲು ಕಾದಿದ್ದೇನೆ, ಒಮ್ಮೆಯೂ ಆ ಮಂಚದ ಮೇಲೆ ಮಲಗಿದವನಲ್ಲ. ಹೊದಿಕೆ ಹೊದ್ದು ಮಲಗಿದೆ. ಕಾಲಿಗೆ ರಕ್ತ ಇಳಿಯಲಿ ಎಂದು ತಲೆಯ ಕಡೆ ಎತ್ತರ, ಕಾಲ ಕಡೆ ತಗ್ಗು, ಜಾರಿಹೋಗುತ್ತೇನೇನೋ ಎನಿಸುತ್ತದೆ. ದೀಪ ಆರಿತು. ಹೊರಗೆ ಉರಿಬಿಸಿಲು, ಒಳಗೆ ಪರದೆಯ ಬೂದು ಬೆಳಕು ಅಕ್ಕನ ಗಲ್ಲದ ತನಕ ಮಾತ್ರ. ನನ್ನ ಪಾದ ನನಗೇ ಕಾಣುತ್ತಿರಲಿಲ್ಲ.

"ಜೆಲ್ ತಣ್ಣಗಿರುತ್ತೆ..." ಎಂದು ಶುರು ಮಾಡಿದರು.

"ಗೊತ್ತು ಅಕ್ಕ, ಮುಂದೆ ಹೋಗಿ."

"ಕೋಪ ನೋಡು. ಮಲಗಿದ್ರೂ ಇಳಿಯಲ್ಲ."

ಒತ್ತಿದರು. ಬಿಟ್ಟರು. ಎರಡು ಬೆರಳು ಕೆಳಗೆ. ಒತ್ತಿದರು. ಬಿಟ್ಟರು. ಕತ್ತು ಹೊರಳಿಸಿದರೆ ಪರದೆ ಕಾಣುತ್ತಿತ್ತು. ನನ್ನ ಒಳಗಿನ ಕಪ್ಪು ಕಣ್ಣು ತೆರೆದು ನನ್ನನ್ನು ನೋಡುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ನೋಡುತ್ತಿತ್ತು. ಮೀನಖಂಡ ಹಿಂಡಿದಾಗ ಸ್ಪೀಕರಿನಿಂದ ಬುಸ್ ಎಂದು ಸದ್ದು ಬಂತು. ಹೊರಗೆ ಕೂತು ಸಾವಿರಾರು ಸಲ ಕೇಳಿದ ಸದ್ದೇ. ಆದರೆ ಅದು ನನ್ನದು ಎಂದಾಗ ಕೂದಲು ನೆಟ್ಟಗಾಯಿತು. ಯಾರೋ ತುಂಬ ಹೊತ್ತು ತಡೆದಿದ್ದ ಉಸಿರನ್ನು ಬಿಟ್ಟ ಹಾಗಿತ್ತು.

ನನ್ನ ಗಮನವೆಲ್ಲ ಪಾದದ ಮೇಲೆಯೇ ಇತ್ತು. ಬರುತ್ತಾಳಾ? ಬಂದರೆ ಕಿರುಚಿಕೊಳ್ಳುತ್ತೇನೆ. ಬರದಿದ್ದರೆ? ಬರದಿದ್ದರೆ ಕಾಲು ಸರಿಯಿದೆ ಎಂದು ಎದ್ದುಹೋಗಬೇಕು. ಹೆಬ್ಬೆರಳ ಹತ್ತಿರ ಗಾಳಿ ಸುಳಿದ ಹಾಗಾದಾಗ ಮಂಚವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೊದಿಕೆಯ ಅಂಚು ಅಷ್ಟೇ. ಅಕ್ಕ ಪಾದದ ತನಕ ಬಂದು ಪ್ರೋಬ್ ಎತ್ತಿದರು. ಯಾರೂ ಬರಲಿಲ್ಲ.

"ಎಲ್ಲಾ ಮುಚ್ಕೊಂಡಿದೆ ಅಣ್ಣ. ಚೆನ್ನಾಗಿದೆ." ಆಮೇಲೆ ಆ ಪ್ರಶ್ನೆ: "ಯಾರಾದ್ರೂ ಪಾದ ಹಿಡಿದ ಹಾಗೆ ಆಯ್ತಾ?"

"ಇಲ್ಲ."

ಅಕ್ಕ ನಿಟ್ಟುಸಿರು ಬಿಟ್ಟು ಕಾಗದದ ಸುರುಳಿಗೆ ಕೈಚಾಚಿದರು. ಕಾಗದ ಹರಿದ ಸದ್ದು ಕೇಳಿಸಿತು. ಆಗ ಬಂತು ನನಗೆ ಆ ಯೋಚನೆ. ಕಂಡಕ್ಟರನಿಗೆ ಬಂದಳು, ಕಣ್ಣು ಕಾಣದವರಿಗೆ ಬಂದಳು, ಗುರುತು ಪರಿಚಯ ಇಲ್ಲದ ಐವರಿಗೆ ಬಂದಳು. ನನಗೆ ಯಾಕೆ ಬರಬೇಕು? ಬಾಗಿಲ ತನಕ ಬಂದವಳನ್ನು ಹೊರಗಿಂದಲೇ ಕಳಿಸಿದವನು ನಾನು. ಅವಳು ಬರಲಿಲ್ಲ ಎಂದರೆ ನನ್ನ ಕಾಲು ಸರಿಯಿದೆ ಎಂದು ಹೇಗೆ ನಂಬಲಿ? ಈಗ ಎದ್ದು ಹೋದರೆ ಮೂರನೇ ದಿನ ಯಾವ ಮೆಟ್ಟಿಲ ಮೇಲೆ ಬೀಳುತ್ತೇನೋ. ಬಾಯಿ ಬಿಟ್ಟರೆ ಅಕ್ಕನ ಮುಖ ಇನ್ನು ನೋಡುವ ಹಾಗಿಲ್ಲ. ನನಗೆ ಜೀವದ ಆಸೆ. ಮುಚ್ಚಿಡುವುದೇನು, ಬಾಯಿ ಬಿಡಿಸಿದ್ದು ಜೀವದ ಆಸೆಯೇ ಹೊರತು ಒಳ್ಳೆಯತನ ಅಲ್ಲ.

"ಅಕ್ಕ, ಇನ್ನೊಂದು ಸಲ ನೋಡಿ."

"ಯಾಕೆ? ಅವಳು ಬರಲಿಲ್ಲವಲ್ಲ."

"ನನಗೆ ಅವಳು ಬರಲ್ಲ ಅಕ್ಕ."

ಹೇಳಿದೆ. ಮರುದಿನ ಬಂದದ್ದು, ಕೈಯಲ್ಲಿ ಚಪ್ಪಲಿ ಹಿಡಿದಿದ್ದು, ಚೀಟಿ ತಾ ಎಂದದ್ದು, ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡದ್ದು, ಎಲ್ಲ. ಛಾವಣಿ ನೋಡಿಕೊಂಡು ಹೇಳಿದೆ. ಮೆಷಿನ್ನಿನ ಫ್ಯಾನು ಸುಯ್ಯೆನ್ನುತ್ತಿತ್ತು. ಅಕ್ಕ ಎದ್ದು ಹೋಗುತ್ತಾರೆ, ಹೋದರೆ ಸರಿಯೇ, ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ.

ತೊಡೆಯ ಸಂದಿಗೆ ಮತ್ತೆ ಜೆಲ್ ಬಿತ್ತು.

ಈ ಸಲ ಒತ್ತುವುದು ನಿಧಾನ. ಪ್ರೋಬನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸಿ, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ಹುಡುಕುತ್ತಿದ್ದರು. ತೊಡೆಯ ನಡುವಿಗೆ ಬಂದಾಗ ಕೈ ನಿಂತಿತು. ಒಮ್ಮೆ ಒತ್ತಿದರು. ಪರದೆಯಲ್ಲಿ ಕಣ್ಣು ಮುಚ್ಚಿಕೊಂಡಿತು. ಅದರ ಹಿಂದೆ, ಬೂದು ಮಾಂಸದ ನಡುವೆ, ಇನ್ನೊಂದಿತ್ತು. ಅದು ಮುಚ್ಚಲಿಲ್ಲ.

ಅಕ್ಕ ಪ್ರೋಬನ್ನು ಬಿಸಿ ಹಾಲಿನ ಪಾತ್ರೆ ಇಳಿಸುವ ಹಾಗೆ ಮೆಲ್ಲಗೆ ಎತ್ತಿದರು. ಇಂಟರ್‌ಕಾಂ ಒತ್ತಿ, "ಸಾರ್, ಎಡ ತೊಡೆ, ಜೋಡಿ ಇದೆ, ಹಿಂದಿನದು ಪೂರ್ತಿ ಹೆಪ್ಪು. ಬೇಗ ಬನ್ನಿ" ಎಂದರು. ಡಾಕ್ಟರು ಐದು ನಿಮಿಷ ಎಂದರು. "ಏಳಬೇಡಿ. ಕಾಲು ಅಲ್ಲಾಡಿಸಬೇಡಿ. ಇಂಜೆಕ್ಷನ್ ಶುರು ಮಾಡ್ತಾರೆ, ಸರಿ ಹೋಗುತ್ತೆ," ಎಂದು ನನಗೆ ಹೇಳಿದರು. ದನಿ ಎಲ್ಲ ರೋಗಿಗಳಿಗೆ ಹೇಳುವ ದನಿಯೇ. ಅಣ್ಣ ಎನ್ನಲಿಲ್ಲ.

ದೀಪ ಹಾಕಲಿಲ್ಲ ಅವರು. ಸ್ಟೂಲಿನ ಮೇಲೆ ಕೂತೇ ಇದ್ದರು. ನನಗೆ ಅಳು ಬಂತು, ಜೋರಾಗಿ ಅತ್ತರೆ ಕಾಲು ಅಲ್ಲಾಡೀತೆಂದು ಹಲ್ಲು ಕಚ್ಚಿ ಹಿಡಿದೆ.

"ಅವತ್ತು ಏನಂದಳು?" ಎಂದರು ಅಕ್ಕ.

"ಯಾರು?"

"ವಾಪಸ್ ಬಂದಳು ಅಂದ್ರಲ್ಲ. ನೀವು ಅಂದಿದ್ದು ಹೇಳಿದ್ರಿ. ಅವಳು ಏನಂದಳು? ನನ್ನ ಬೈದಳಾ?"

"ಇಲ್ಲ ಅಕ್ಕ."

"ಸುಳ್ಳು ಹೇಳಬೇಡಿ. ಇನ್ನು ಸಾಕು."

"ಬೈಲಿಲ್ಲ," ಎಂದೆ. ಹನ್ನೊಂದು ವರ್ಷ ನಾನು ನೆನೆಯಲು ಹೆದರುತ್ತಿದ್ದ ಮಾತು ಅದು, ಒಂದಕ್ಷರ ಮರೆತಿರಲಿಲ್ಲ. "ನಾನು ಬೇರೆ ಸೆಂಟರಿಗೆ ಬೇಕಾದ್ರೆ ಹೋಗಮ್ಮ ಅಂದೆ. ಅದಕ್ಕೆ, 'ಬೇರೆ ಕಡೆ ಬೇಡ ಅಣ್ಣ. ಒಳಗಿರೋ ಆ ಅಕ್ಕ ನಿನ್ನೆ ನನ್ನ ಕಾಲು ಹಿಡಿದು ಎಷ್ಟು ಚೆನ್ನಾಗಿ ಮಾತಾಡಿದ್ರು. ನನಗೆ ಅವರ ಮೇಲೆ ನಂಬಿಕೆ. ಅವರು ಇನ್ನೊಂದು ಸಲ ನೋಡಿದ್ರೆ ಸಾಕು, ಹೊರಗೆ ಕಾಯ್ತೀನಿ' ಅಂದಳು. ಕಾದಳು ಕೂಡ. ಸಂಜೆ ಬಾಗಿಲು ಹಾಕೋ ತನಕ ಆಚೆ ಬೀದಿ ಕಡೆ ಗೋಡೆಗೆ ಒರಗಿ ನಿಂತಿದ್ದಳು."

ಅಕ್ಕನ ಬಾಯಿಂದ ಒಂದು ಸಣ್ಣ ಸದ್ದು ಬಂತು, ಕೂಡಲೇ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡರು. ಪ್ರೋಬನ್ನು ಕಾಗದದಲ್ಲಿ ಶುಚಿ ಮಾಡಿದರು, ಹೊಸದಾಗಿ ಜೆಲ್ ಹಾಕಿದರು. ನನ್ನ ಕಾಲಿಗೆ ಇನ್ನು ಒತ್ತಬಾರದು ಎಂದು ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಯಾಕೆ ಅಕ್ಕ ಎಂದು ಕೇಳಲು ಹೋದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಮಂಚದ ಕಾಲ ಕಡೆಯ ಕತ್ತಲೆಯನ್ನು ನೋಡುತ್ತಿದ್ದರು.

"ತುಂಬ ಕಾಯಿಸಿಬಿಟ್ಟೆ ಕಣಮ್ಮ," ಎಂದರು. "ಬಾ."

ಆಮೇಲೆ ನನಗೆ ಹೇಳಿದರು, "ಕಾಲು ಅಲ್ಲಾಡಿಸದ ಹಾಗೆ ಸ್ವಲ್ಪ ಆಚೆ ಸರೀರಿ. ಅವಳೂ ಮಲಗಬೇಕು."

ನಾನು ಎರಡೂ ಕೈ ಊರಿ, ಉಸಿರು ಬಿಗಿಹಿಡಿದು, ಗೋಡೆಯ ಕಡೆಗೆ ಸರಿದು ಜಾಗ ಮಾಡಿಕೊಟ್ಟೆ.